ಬಿಳಲಿನ ಸೇತುವೆ

“ಗುರುಗಳೇ, ನನಗೆ ಕೆಡುಕು ಮಾಡಿದವನು ಒಬ್ಬನಿದ್ದಾನೆ. ಅವನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ನಾನು ಒಳ್ಳೆಯದನ್ನೇ ಬಯಸುತ್ತೇನೆ. ಅಷ್ಟು ಸಾಲದೇ?” ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಹಳ್ಳದ ಈಚೆ ದಡದಲ್ಲಿ ಒಬ್ಬ ರೈತನಿದ್ದ. ಆಚೆ ದಡದಲ್ಲಿ, ನೀರಿಗೆ ತೀರ ಹತ್ತಿರ, ಒಬ್ಬ ಕುಂಬಾರನ ಮನೆಯಿತ್ತು. ಅದನ್ನು ದಾಟಿ ಹೋದರೆ ಏಳೆಂಟು ಊರುಗಳು. ಬೇಸಿಗೆಯಲ್ಲಿ ಆ ಹಳ್ಳವನ್ನು ಮಕ್ಕಳೂ ದಾಟುತ್ತಿದ್ದರು. ಮಳೆಗಾಲದಲ್ಲಿ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಒಮ್ಮೆ ಮಳೆ ಹಿಡಿದ ಹೊಸತರಲ್ಲಿ ರೈತನ ಹೆಂಡತಿ ತವರಿನಿಂದ ಮರಳುತ್ತಿದ್ದಳು. ನೀರು ಇನ್ನೂ ಮೊಣಕಾಲಿನಷ್ಟೇ ಇದೆಯೆಂದು ಆಚೆ ದಡದಿಂದ ಇಳಿದಳು. ನಡುವೆ ಬರುವಷ್ಟರಲ್ಲಿ ಮೇಲಿನಿಂದ ಪ್ರವಾಹ ನುಗ್ಗಿತು. ಕೂಗು ಕೇಳಿ ರೈತ ಹೊಲದಿಂದ ಓಡಿ ಬಂದಾಗ ಅವಳು ಕಾಣಲಿಲ್ಲ. ಸುರಿಯುವ ಮಳೆಯಲ್ಲಿ ಆಚೆ ದಡದ ಮೇಲೆ ಕುಂಬಾರ ಕೈ ಇಳಿಬಿಟ್ಟು ನಿಂತಿದ್ದ. ನೀರನ್ನೇ ನೋಡುತ್ತಿದ್ದ.

ರೈತನಿಗೆ ಅಷ್ಟೇ ಸಾಕಾಯಿತು. ಇವನು ನೋಡುತ್ತ ನಿಂತ, ಅವಳು ಹೋದಳು. ಮೂರನೆಯ ದಿನ ನೀರು ಇಳಿದ ಮೇಲೆ ಕುಂಬಾರ ಅವನ ಮನೆಗೆ ಬಂದ. ರೈತ ಬಾಗಿಲು ತೆರೆಯಲಿಲ್ಲ. ಕುಂಬಾರ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದು ಹೊರಟುಹೋದ.

ಮರುವರ್ಷ ರೈತ ಒಂದು ಕೆಲಸಕ್ಕೆ ಕೈಹಾಕಿದ. ತನಗಾದದ್ದು ಇನ್ನೊಬ್ಬರಿಗೆ ಆಗಬಾರದು. ಅವನ ದಡದಲ್ಲಿ ಒಂದು ಹಳೆಯ ಆಲದ ಮರವಿತ್ತು. ಅದರ ಬಿಳಲುಗಳನ್ನು ಹಳ್ಳದ ಮೇಲೆ ಹಾಯಿಸಿ ಸೇತುವೆ ಬೆಳೆಸುತ್ತೇನೆ ಎಂದ. ಊರಿನವರಿಗೆ ನಗು ಬಂತು. ಆದರೆ ಅವನ ಮುಖ ನೋಡಿ ಯಾರೂ ನಗಲಿಲ್ಲ. ಅವನು ಬಿದಿರನ್ನು ಉದ್ದಕ್ಕೆ ಸೀಳಿ, ಒಳಗೆ ಹಸಿಮಣ್ಣು ತುಂಬಿ, ಎಳೆಯ ಬಿಳಲುಗಳನ್ನು ಅದರಲ್ಲಿ ಮಲಗಿಸಿ ಆಚೆಗೆ ಚಾಚಿದ. ಪ್ರತಿ ಮಳೆಗಾಲ ಬಿದಿರು ಕೊಚ್ಚಿಹೋಗುತ್ತಿತ್ತು. ಪ್ರತಿ ಬೇಸಿಗೆ ಹೊಸ ಬಿದಿರು ಕಟ್ಟುತ್ತಿದ್ದ. ಐದನೆಯ ಬೇಸಿಗೆಯಲ್ಲಿ ಬಿಳಲುಗಳ ತುದಿ ಆಚೆ ದಡ ಮುಟ್ಟಿತು. ಅವುಗಳನ್ನು ಅಲ್ಲಿನ ಮಣ್ಣಿನಲ್ಲಿ ಹೂತು ಬಂದ. ಕುಂಬಾರನ ಮನೆಯ ಕಡೆ ತಿರುಗಿ ನೋಡಲಿಲ್ಲ.

ಆಚೆ ದಡದ ಮಣ್ಣು ಸಡಿಲ, ಒಂದು ಮಳೆಗೂ ನಿಲ್ಲದು ಎಂದು ತಿಳಿದವರು ಹೇಳಿದರು. ಆದರೆ ಆ ಮಳೆಗಾಲ ನಿಂತಿತು. ಮುಂದಿನದರಲ್ಲೂ ನಿಂತಿತು. ರೈತ ಅದು ತನ್ನ ಹೆಂಡತಿಯ ಪುಣ್ಯ ಎಂದುಕೊಂಡ. ವರ್ಷಗಳು ಕಳೆದ ಹಾಗೆ ತನ್ನ ಕೈಗುಣ ಎಂದುಕೊಂಡ.

ಹದಿನೈದನೆಯ ವರ್ಷಕ್ಕೆ ಬಿಳಲುಗಳು ತೊಡೆಯಷ್ಟು ದಪ್ಪವಾಗಿ ಒಂದಕ್ಕೊಂದು ಹೆಣೆದುಕೊಂಡವು. ಎರಡು ಬದಿಗೂ ಬಳ್ಳಿ ಹಬ್ಬಿಸಿ ಕೈಹಿಡಿ ಮಾಡಿದ. ಕಾಲಡಿಗೆ ಚಪ್ಪಟೆ ಕಲ್ಲು ಹಾಸಿದ. ಮಳೆಗೆ ಮುನ್ನ ಎರಡೂ ಕಡೆಯ ಜನ ಸೇರಿದರು. ಕುಂಬಾರನೂ ಆಚೆ ತುದಿಯಲ್ಲಿ ಕೈಮುಗಿದು ನಿಂತಿದ್ದ.

“ಇದರ ಮೇಲೆ ಯಾರು ಬೇಕಾದರೂ ನಡೆಯಲಿ. ಅವನೊಬ್ಬ ಮಾತ್ರ ಕಾಲಿಡಬಾರದು” ಎಂದ ರೈತ.

ಜನರಲ್ಲಿ ಕೆಲವರು ಏನೋ ಹೇಳಹೊರಟರು. ಕುಂಬಾರ ಬೇಡವೆಂದು ಕೈಯಾಡಿಸಿ ಒಳಗೆ ಹೋದ. ಆಮೇಲೆ ಅವನು ಸಂತೆಗೆ ಬರಬೇಕಾದರೆ ತಲೆಯ ಮೇಲೆ ಮಡಕೆ ಹೊತ್ತು, ಎರಡು ಮೈಲಿ ಮೇಲಕ್ಕೆ ನಡೆದು, ಹಳ್ಳ ಕಿರಿದಾದಲ್ಲಿ ದಾಟಿ ಬರುತ್ತಿದ್ದ. ನಾಲ್ಕು ವರ್ಷ ಹಾಗೆಯೇ ನಡೆಯಿತು. ಅದರ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡುವಲ್ಲಿಗೂ ರೈತ ಹೋಗಲಿಲ್ಲ.

ಆ ವರ್ಷದ ಮಳೆ ಹೆಚ್ಚಿನದೇನೂ ಆಗಿರಲಿಲ್ಲ. ಆದರೂ ಒಂದು ಬೆಳಗ್ಗೆ ಸೇತುವೆ ಅಲುಗುತ್ತಿದೆ ಎಂದು ಜನ ಓಡಿ ಬಂದು ಹೇಳಿದರು. ರೈತ ಆಚೆ ದಡಕ್ಕೆ ಹೋದ. ದಡದ ಮುಖ ಕುಸಿದು ಒಳಗಿನದು ಹೊರಗೆ ಕಾಣುತ್ತಿತ್ತು.

ಬಿಳಲುಗಳ ಬುಡಕ್ಕೆ, ನೀರಿನ ಮಟ್ಟದಿಂದ ಮೇಲಿನವರೆಗೆ, ಮಡಕೆಗಳ ಗೋಡೆಯಿತ್ತು. ಮಣ್ಣು ತುಂಬಿ ಬಾಯಿ ಮುಚ್ಚಿದ ದೊಡ್ಡ ದೊಡ್ಡ ಮಡಕೆಗಳು. ಸಂದುಗಳಿಗೆ ಜೇಡಿಮಣ್ಣು ಮೆತ್ತಿತ್ತು. ಬೇರುಗಳು ಆ ಸಂದುಗಳಲ್ಲಿ ನುಗ್ಗಿ ಮಡಕೆಗಳನ್ನು ಅಪ್ಪಿಕೊಂಡಿದ್ದವು. ಬಿಳಲು ಹೂತ ವರ್ಷದಿಂದ ಒಂದು ಮಳೆಗಾಲಕ್ಕೆ ಒಂದು ಸಾಲು. ರೈತ ಎಣಿಸಿದ. ಹದಿನಾಲ್ಕು ಸಾಲು. ಮೇಲಿನ ನಾಲ್ಕು, ಕುಂಬಾರ ಕಾಲಿಡಬಾರದು ಎಂದು ತಾನು ಹೇಳಿದ ನಂತರದವು. ಈ ವರ್ಷದ ಸಾಲು ಇರಲಿಲ್ಲ. ದಡ ಅಲ್ಲಿಯೇ ಒಡೆದಿತ್ತು.

ಒಡೆದಲ್ಲಿ ಕುಂಬಾರನ ಹೆಂಡತಿ ಕೆಸರಿನಲ್ಲಿ ನಿಂತು ಒಬ್ಬಳೇ ಮಣ್ಣು ತುಂಬುತ್ತಿದ್ದಳು.

“ತಾಯಿ, ಅವನು ಇದನ್ನು ಯಾಕೆ ಮಾಡಿದ?” ಎಂದ ರೈತ.

ಅವಳು ತಲೆಯೆತ್ತದೆ ಹೇಳಿದಳು: “ಅಣ್ಣಾ, ಆ ದಿನ ಅವರು ನೀರಿಗೆ ಹಾರಿದ್ದರು. ಅಕ್ಕನ ಕೈ ಸಿಕ್ಕಿತ್ತು, ಜಾರಿಹೋಯಿತು. ಮತ್ತೆ ಹಾರಿದರು. ಬರಿಗೈಯಲ್ಲಿ ಮೇಲೆ ಬಂದರು. ನೀವು ಬಂದು ನೋಡಿದ್ದು ಅದಾದ ಮೇಲೆ. ಒಂದು ಕೈ ಹಿಡಿದಿಡಲಾಗಲಿಲ್ಲ, ಇದನ್ನಾದರೂ ಹಿಡಿದಿಡುತ್ತೇನೆ ಎನ್ನುತ್ತಿದ್ದರು.”

ರೈತನ ಕಣ್ಣಿಗೆ ಆ ದಿನದ ಕುಂಬಾರ ಬಂದ. ಮೈಯೆಲ್ಲ ಒದ್ದೆ. ಮಳೆಯಲ್ಲಿ ಯಾರ ಮೈ ಒದ್ದೆಯಾಗಿರುವುದಿಲ್ಲ ಎಂದು ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಹತ್ತೊಂಬತ್ತು ವರ್ಷ ತಾನು ಯಾರ ಮೇಲೆ ಹಗೆ ಸಾಧಿಸಿದೆ ಎಂದು ಯೋಚಿಸಿದ. ಕೆಸರಿಗಿಳಿದು ಅವಳ ಕೈಯಿಂದ ಬುಟ್ಟಿ ತೆಗೆದುಕೊಂಡ. ಸಂಜೆಯವರೆಗೆ ಮಣ್ಣು ಹೊತ್ತ. ಒಂದು ಬದಿಯ ಬಿಳಲುಗಳು ಕಿತ್ತುಹೋದವು. ನಡುವಿನವು ಉಳಿದವು.

ಮಳೆ ನಿಂತ ಮೇಲೆ ಅವನು ಅವಳ ಮನೆಗೆ ಹೋಗಿ, ಸೇತುವೆ ದಾಟಿ ನಮ್ಮ ಮನೆಗೆ ಬರಬೇಕು ಎಂದು ಬೇಡಿಕೊಂಡ. ತನ್ನ ಗಂಡನಿಗೆ ಇಲ್ಲದ್ದು ತನಗೆ ಬೇಡ ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ರೈತನೂ ಮತ್ತೆ ಆ ಸೇತುವೆಯ ಮೇಲೆ ನಡೆಯಲಿಲ್ಲ. ಪ್ರತಿ ಬೇಸಿಗೆ ಎರಡು ಮೈಲಿ ಸುತ್ತಿ ಆಚೆಗೆ ಹೋಗಿ, ಅವಳಿಂದ ತಿಗರಿ ತಿರುಗಿಸಿ ಮಡಕೆ ಮಾಡುವುದನ್ನು ಕಲಿತು, ವರ್ಷಕ್ಕೊಂದು ಸಾಲು ಹೂತು ಬರುತ್ತಿದ್ದ. ಅವನ ಮಡಕೆಗಳು ಸೊಟ್ಟಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ಕೇಳಿದ: “ಅಷ್ಟು ಜನಕ್ಕೆ ದಾರಿ ಮಾಡಿಕೊಟ್ಟನಲ್ಲ ಗುರುಗಳೇ. ಅವನು ಹೊರಗಿಟ್ಟದ್ದು ಒಬ್ಬನನ್ನು ಮಾತ್ರ ಅಲ್ಲವೇ?”

“ಹೌದು, ಆ ದಡವನ್ನು ಹಿಡಿದು ನಿಂತಿದ್ದವನೂ ಅವನೊಬ್ಬನೇ” ಎಂದರು ಗುರುಗಳು.