ಮರುಳಸಿದ್ಧ ಕಂಠದಾನಕ್ಕೆ ಹೋದದ್ದು

ಊಟವಾಯಿತೇ? ಹಾಗಾದರೆ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತುಕೊಳ್ಳಿ. ಶಿವನ ಹೆಸರು ಹೇಳಿ ಶುರುಮಾಡುತ್ತೇನೆ. ಆತ ಬುದ್ಧಿಯನ್ನು ಎಲ್ಲರಿಗೂ ಒಂದೇ ಸೇರಿನಲ್ಲಿ ಅಳೆದು ಕೊಟ್ಟಿಲ್ಲ. ಆದರೂ ಯಾರನ್ನೂ ಬರಿಗೈಯಲ್ಲಿ ಕಳಿಸಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ. ಗುರುವಿನ ಹೆಸರಿಡಬೇಕೆಂದು ಮರುಳಸಿದ್ಧ ಅಂತ ಇಟ್ಟಿದ್ದಳು. ಓಣಿಯವರು ಅರ್ಧ ಉಳಿಸಿಕೊಂಡು ಮರುಳ ಅಂದರು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. "ಬಾಗಿಲು ನೋಡ್ಕೊ" ಅಂದರೆ ಬಾಗಿಲ ಮುಂದೆ ಕೂತು ಬಾಗಿಲನ್ನೇ ನೋಡುವವನು. ಹಿತ್ತಲಿಂದ ಕಳ್ಳ ಬಂದು ತಾಮ್ರದ ಕೊಡ ಎತ್ತಿಕೊಂಡು ಹೋದ. ಅವ್ವ ಎದೆ ಬಡಿದುಕೊಂಡರೆ, "ಯಾಕವ್ವ ಅಳ್ತೀ? ಬಾಗಿಲು ಇಲ್ಲೇ ಐತಲ್ಲ!" ಅಂದ.

ಆದರೆ ದನಿ! ಅದೊಂದು ದೇವರು ಕೊಟ್ಟದ್ದು. ಅವನು "ಅವ್ವಾ" ಅಂದರೆ ಓಣಿಯ ಐದಾರು ತಾಯಂದಿರು ಒಟ್ಟಿಗೆ ಹೊರಗೆ ಬರುತ್ತಿದ್ದರು.

ಹಾಲಮ್ಮನದು ಅದಕ್ಕೆ ತದ್ವಿರುದ್ಧ. ಇಪ್ಪತ್ತು ವರ್ಷ ಭಟ್ಟಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿದು, ಹೊಗೆ ಕುಡಿದು ಅವಳ ದನಿ ಇಂಗಿಹೋಗಿತ್ತು. ಮಗ್ಗುಲಲ್ಲಿ ಕೂತವರಿಗೆ ಪಿಸುಮಾತು. ಮಾರು ದೂರ ನಿಂತವರಿಗೆ ಅದೂ ಇಲ್ಲ. ದೂರದಿಂದ ಅವಳ ಮಾತು ತಿಳಿಯುತ್ತಿದ್ದದ್ದು ಮರುಳನೊಬ್ಬನಿಗೆ. ಭಟ್ಟಿಯ ಗದ್ದಲದಲ್ಲಿ ಅವಳು ಆ ಗೋಡೆಯ ಹತ್ತಿರ ತುಟಿ ಆಡಿಸಿದರೆ, ಇವನು ಈ ಗೋಡೆಯಿಂದ, "ನಮ್ಮವ್ವಗೆ ನೀರು ಬೇಕಂತೆ!" ಎಂದು ಕೂಗುತ್ತಿದ್ದ. ಇದೂ ಒಂದು ವಿದ್ಯೆ ಅಂತ ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಒಂದು ದಿನ ಹಾಲಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಮಗಾ, ಪ್ಯಾಟಿಯಾಗೆ ರುದ್ರಮುನಿ ಮಾಸ್ತರು ಅಂತ ಅದಾರಂತೆ. ಬ್ಯಾರೆ ಭಾಷೆ ಚಿತ್ರಕ್ಕೆ ನಮ್ಮ ಮಾತು ಸೇರಿಸ್ತಾರಂತೆ. ಮುಖ ಒಬ್ಬರದು, ದನಿ ಇನ್ನೊಬ್ಬರದು. ಕಂಠದಾನ ಅಂತಾರಂತೆ. ನಿನ್ನ ಮುಖ ನೋಡಿ ಯಾರೂ ಕೆಲಸ ಕೊಡ್ಲಿಲ್ಲ. ಮುಖ ಕಾಣ್ದೆ ಇರೋ ಕೆಲಸ ಇದೊಂದೇ. ಹೋಗಪ್ಪ. ನೀನೊಂದು ದಡ ಸೇರಿದ್ರೆ ನಾನು ಈ ಭಟ್ಟಿ ಬಿಟ್ಟೇನು. ಅವರು ಹೇಳ್ದಂಗೆ ಮಾಡು."

"ಅವರು ಹೇಳ್ದಂಗೆ!" ಅಂದ ಮರುಳ. ಅಲ್ಲೇ ಎಡವಟ್ಟು ಶುರುವಾಯಿತು.

ಮಾಸ್ತರ ಕೋಣೆಗೆ ಹೋಗಿ "ಶರಣ್ರೀ!" ಅಂದ. ಕಪಾಟಿನ ಚಹಾದ ಲೋಟಗಳು ಗಲಗಲ ಅಂದವು. ಮಾಸ್ತರು ಕನ್ನಡಕ ಮೇಲೆತ್ತಿದರು.

"ದನಿಯೇನೋ ಐತಪ್ಪ. ಆದರೆ ದನಿ ಇದ್ದ ಮಾತ್ರಕ್ಕೆ ಆಗಲ್ಲ. ಬಂದ ಹುಡುಗರೆಲ್ಲ ಮೊದಲ ದಿನವೇ 'ಹೀರೋಗೆ ಯಾವಾಗ ಮಾತಾಡೋದು ಸಾರ್' ಅಂತಾರೆ. ಮೊದಲು ಓದೋದು ಕಲೀರಿ ಅಂತೀನಿ. ಕಾಗದದಾಗೆ ಇದ್ದದ್ದು ಇದ್ದ ಹಾಗೆ ಓದಬೇಕು. ಒಂದಕ್ಷರ ಬಿಡಬಾರದು, ಒಂದಕ್ಷರ ಸೇರಿಸಬಾರದು. ತಿಳೀತಾ?"

"ಒಂದಕ್ಷರ ಬಿಡಬಾರದು!" ಅಂದ ಮರುಳ.

ನಾಲಿಗೆ ಪಳಗಲಿ ಅಂತ ಖಾರದಪುಡಿ ಅಂಗಡಿಯ ಪ್ರಚಾರದ ಕಾಗದ ಕೊಟ್ಟು, ಮಾಸ್ತರು ಮಸಾಲೆ ದೋಸೆ ತಿನ್ನಲು ಹೋದರು. ಮರುಳ ಓದಿದ. ದನಿ ಹಿಡಿಯುವ ಯಂತ್ರ ಎಲ್ಲವನ್ನೂ ಹಿಡಿದುಕೊಂಡಿತು. ಅಂಗಡಿಯವನ ಆಟೋ ಅದನ್ನು ಹಾಕಿಕೊಂಡು ಊರೆಲ್ಲ ಸುತ್ತಿತು.

"ಬನ್ನಿರಿ ಅಕ್ಕಂದಿರೇ! ಬ್ರಾಕೆಟಿನಾಗೆ, ನಗುತ್ತಾ. ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ! ಬ್ರಾಕೆಟಿನಾಗೆ, ಎರಡು ಸಲ ಹೇಳುವುದು. ಇಲ್ಲಿ ಸಂಗೀತ!"

ಮೂರು ಬಡಾವಣೆ ದಾಟುವ ಹೊತ್ತಿಗೆ ಮಕ್ಕಳೆಲ್ಲ ಆಟೋದ ಹಿಂದೆ, "ಇಲ್ಲಿ ಸಂಗೀತ! ಇಲ್ಲಿ ಸಂಗೀತ!" ಎಂದು ಕುಣಿಯುತ್ತಿದ್ದವು.

ಮಾಸ್ತರು ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮ! ಬ್ರಾಕೆಟಿನಾಗೆ ಇರೋದು ನೀನು ಹೆಂಗೆ ಹೇಳಬೇಕು ಅಂತ ನಿನಗೆ ಬರೆದದ್ದು. ಅದನ್ನ ಬಾಯಿಂದ ಬಿಡಬಾರದು. ಕಣ್ಣಾಗೆ ಓದ್ಕೋ, ನುಂಗಿಬಿಡು!"

"ನುಂಗಿಬಿಡ್ತೀನಿ ಗುರುವೇ!" ಅಂದ ಮರುಳ.

ಮರುದಿನ ಸೋಮವಾರ. ಬಸವಣ್ಣನ ಗುಡಿಯ ಪೂಜಾರಿಗೆ ಗಂಟಲು ಕಟ್ಟಿತ್ತು. "ಮರುಳಾ, ನಿಂದು ಒಳ್ಳೆ ದನಿ. ಈ ಚೀಟಿ ಮೈಕಿನಾಗೆ ಓದಿಬಿಡಪ್ಪ" ಅಂದರು. ಚೀಟಿಯಲ್ಲಿ ಹೀಗಿತ್ತು: 'ಭಕ್ತಾದಿಗಳೇ, ಮಧ್ಯಾಹ್ನ (ನಾಳೆ) ಗುಡಿಯಲ್ಲಿ ದಾಸೋಹವಿದೆ. ತಟ್ಟೆ ಸಮೇತ ಬರಬೇಕು.'

ಮರುಳ ಬ್ರಾಕೆಟು ಕಂಡ. ಕಣ್ಣಲ್ಲಿ ಓದಿದ. ನುಂಗಿದ.

ಮಧ್ಯಾಹ್ನಕ್ಕೆ ಮುನ್ನೂರು ಜನ ತಟ್ಟೆ ಹಿಡಿದು ಸಾಲಾಗಿ ಕೂತರು. ಗುಡಿಯಲ್ಲಿದ್ದದ್ದು ಒಂದು ತೆಂಗಿನಕಾಯಿ, ನಾಲ್ಕು ಬಾಳೆಹಣ್ಣು.

"ಎಲ್ಲಿ ಸ್ವಾಮೇರೇ ಅನ್ನ?"

"ನಾಳೆ ಅಂತ ಬರೆದಿದ್ನಲ್ರಪ್ಪೋ!" ಪೂಜಾರಿ ಇದ್ದ ಗಂಟಲೂ ಹರಿದುಕೊಂಡರು.

ಮರುಳ ಸಮಾಧಾನ ಹೇಳಿದ: "ಅದು ನನ್ನ ಹೊಟ್ಟೆಯಾಗೈತ್ರೀ."

ಜನ ತಟ್ಟೆ ಬಾರಿಸತೊಡಗಿದರು. ಕಡೆಗೆ ಭಟ್ಟಿಯವರು ಬಸವಣ್ಣನ ಹೆಸರು ಹೇಳಿ ನಾಲ್ಕು ಚೀಲ ಮಂಡಕ್ಕಿ ಸುರಿದರು. ಶಿವ ದೊಡ್ಡವನು, ಅವತ್ತಿನ ದಾಸೋಹ ಮಂಡಕ್ಕಿಯಲ್ಲೇ ಮುಗಿಯಿತು.

ಮಾಸ್ತರು ಈ ಸಲ ಬಯ್ಯಲಿಲ್ಲ, ಉಸಿರುಬಿಟ್ಟರು. "ಬರೀ ಕಾಗದ ನಂಬಿದರೆ ಹಿಂಗೇ ಆಗೋದು. ಇನ್ನ ಮೇಲೆ ಎದುರಿಗಿರೋ ಬಾಯಿ ನೋಡು. ಅದು ತೆರೆದರೆ ನೀನು ತೆರಿ, ಮುಚ್ಚಿದರೆ ಮುಚ್ಚು. ಆ ಬಾಯಾಗೆ ಆಡೋ ಮಾತು ನಿನ್ನ ಬಾಯಾಗೆ ಬರಬೇಕು. ಕಂಠದಾನ ಅಂದ್ರೆ ಅದೇ, ಬ್ಯಾರೆ ಏನಿಲ್ಲ."

"ಎದುರಿಗಿರೋ ಬಾಯಿ!" ಅಂದ ಮರುಳ.

ಆ ವಾರ ಹಾಲಮ್ಮನ ಕೆಮ್ಮು ಜೋರಾಯಿತು. ಮರುಳ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

"ಬಾಯಿ ತೆಗೀರಮ್ಮ, ಆ ಅನ್ನಿ" ಅಂದರು ಡಾಕ್ಟರು.

ಹಾಲಮ್ಮ ಬಾಯಿ ತೆರೆದಳು. ಎದುರಿಗೇ ಬಾಯಿ! ಮರುಳನೂ ತೆರೆದ.

"ಆ...!"

ಡಾಕ್ಟರ ಕೈಯಿಂದ ಬ್ಯಾಟರಿ ಬಿತ್ತು. ಹೊರಗೆ ಕೂತ ರೋಗಿಗಳಲ್ಲಿ ಇಬ್ಬರು ಎದ್ದು ಮನೆಗೆ ಹೋದರು. ಡಾಕ್ಟರು ಸಾವರಿಸಿಕೊಂಡು, ತಲೆ ತಗ್ಗಿಸಿ ಚೀಟಿ ಬರೆಯುತ್ತಾ, "ಮತ್ತೇನು ತೊಂದರೆ?" ಅಂದರು. ಹಾಲಮ್ಮನ ತುಟಿ ಆಡಿತು. ಗುಡುಗಿನಂಥ ಗಂಡುದನಿ ಹೇಳಿತು:

"ಇವನ್ನ ಹೆತ್ತಾಗಿಂದ ಸೊಂಟ ನೋವು ಡಾಕ್ಟರೇ!"

ಡಾಕ್ಟರು ತಲೆಯೆತ್ತಿದರು. ಎದುರಿಗೆ ಮರುಳನ ಮೀಸೆ! ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟರು. ನಕ್ಕು ಮುಗಿದ ಮೇಲೆ ಅವರ ಮುಖ ಸಣ್ಣಗಾಯಿತು.

"ಅಮ್ಮಾ, ಆ ಹೊಗೆ ನಿಮ್ಮ ಗಂಟಲು ತಿಂದಿದೆ. ಭಟ್ಟಿ ಬಿಡಿ. ಇನ್ನೊಂದು ವರ್ಷ ಅಲ್ಲಿ ನಿಂತರೆ ಈ ಪಿಸುಮಾತೂ ಉಳಿಯಲ್ಲ."

ಬಿಡು ಅಂದರೆ ಬಿಡುವುದು ಹೇಗೆ? ಮನೆಯ ಒಲೆ ಹೊತ್ತುವುದು ಆ ಭಟ್ಟಿಯಿಂದ. ಹಾಲಮ್ಮ ಮಗನನ್ನು ಕರೆದುಕೊಂಡು ನೇರ ಮಾಸ್ತರ ಬಾಗಿಲಿಗೆ ಹೋಗಿ ಕೈಮುಗಿದು ನಿಂತಳು. ಡಾಕ್ಟರು ಹೇಳಿದ್ದನ್ನು ಪಿಸುಗುಟ್ಟಿದಳು. ಮಾಸ್ತರು ಕನ್ನಡಕ ತೆಗೆದು ಒರೆಸಿದರು.

"ನಾಳೆ ಬೆಂಗಳೂರಿಂದ ಒಬ್ಬ ಮೇಡಂ ಬರ್ತಾರೆ ತಾಯಿ. ಮಕ್ಕಳ ಚಿತ್ರದಾಗೆ ಒಂದು ಅಪ್ಪ ಕರಡಿ, ಅದಕ್ಕೆ ದನಿ ಹುಡುಕ್ತಿದಾರೆ. ಒಂದು ಸಲ ನಿಲ್ಲಿಸ್ತೀನಿ. ಇದೂ ತಪ್ಪಿದರೆ ನನ್ನ ಕೈಲಾಗಲ್ಲ." ಮರುಳನ ಕಡೆ ತಿರುಗಿದರು. "ಎದುರಿಗಿರೋ ಬಾಯಿ. ಆಚೀಚೆ ನೋಡಬ್ಯಾಡ!"

"ಆಚೀಚೆ ನೋಡಲ್ಲ!" ಅಂದ ಮರುಳ.

ಮರುದಿನ ಹಾಲಮ್ಮ ಮಗನ ಹಣೆಗೆ ವಿಭೂತಿ ಹಚ್ಚಿ ಕರೆತಂದಳು. ಅವತ್ತೇ ಗೋಡೆಗೆ ತೇವ ಬಂದು, ಚಿತ್ರ ತೋರಿಸುವ ಟಿವಿಯನ್ನು ಎಡಗಡೆಗೆ ಸರಿಸಿದ್ದರು. ಮೈಕಿನ ಮುಂದೆ ನಿಂತ ಮರುಳನ ಎದುರಿಗೆ ಇದ್ದದ್ದು ಗಾಜು. ಗಾಜಿನ ಆಚೆ ಮಾಸ್ತರು, ಮೇಡಂ, ಅವರ ಹಿಂದೆ ಹಾಲಮ್ಮ. ಆಚೆಯ ಸದ್ದು ಈಚೆ ಬರುವುದಿಲ್ಲ.

ಕೆಂಪು ದೀಪ ಹತ್ತಿತು. ಎಡಗಡೆ ಟಿವಿಯಲ್ಲಿ ಕರಡಿ ಬಾಯಿ ತೆರೆಯಿತು. ಮರುಳ ಆಚೀಚೆ ನೋಡಲಿಲ್ಲ. ಎದುರಿಗೆ ಅವ್ವನ ಬಾಯಿ ತೆರೆಯಿತು. ಮರುಳ ತೆರೆದ.

"ಶಿವನೇ ಕಾಪಾಡಪ್ಪ! ಬೆವರು ಒರೆಸ್ಕೊಳ್ಳೋ! ಹೆದರಬ್ಯಾಡ ಕಂದಾ, ನಾನಿಲ್ಲೇ ನಿಂತೀನಿ! ಅಯ್ಯಯ್ಯೋ, ನನ್ನ ಯಾಕೆ ನೋಡ್ತೀಯೋ, ಆ ಕಡೆ ನೋಡೋ, ಕರಡಿ ಆ ಕಡೆ ಐತೆ! ಹೋತು! ನನ್ನ ಮಗನ ಕೆಲಸ ಹೋತು!"

ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರುಳ ಟಪ್ಪನೆ ನಿಲ್ಲಿಸಿದ. ಅವಳು ಅಲ್ಲಿ ನಿಲ್ಲಲಾರದೆ ಭಟ್ಟಿಗೆ ಓಡಿದಳು.

ಮೇಡಂ ಕೇಳಿದರು: "ಮಾಸ್ತರೇ, ಇವರು ದನಿ ಕೊಟ್ಟದ್ದು ಯಾರಿಗೆ?"

"ತಪ್ಪಾತು ಮೇಡಂ. ಹಿಂದೆ ನಿಂತಿದ್ದ ಅವರ ತಾಯಿಗೆ."

"ಆಯಮ್ಮನ ಮಾತು ಹತ್ತಿರವೇ ಇದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಇವರು ಗಾಜಿನ ಆಚೆ ನಿಂತು, ಒಂದು ಉಸಿರೂ ಹಿಂದುಮುಂದಾಗದಂತೆ ಹೇಳಿದರಲ್ಲ! ಮೊದಲು ಟಿವಿ ತಂದು ಎದುರಿಗಿಡಿ."

ಟಿವಿ ಎದುರಿಗೆ ಬಂತು. ಮರುಳ ಕರಡಿಯ ಬಾಯಿ ನೋಡಿದ. ಕರಡಿ ತೆರೆದಾಗ ತೆರೆದ, ಮುಚ್ಚಿದಾಗ ಮುಚ್ಚಿದ. ಬಿದ್ದ ಮರಿಯನ್ನು ಕರಡಿ ಸಂತೈಸುವ ಮಾತು ಬಂದಾಗ, "ಹೆದರಬ್ಯಾಡ ಕಂದಾ" ಎಂಬುದನ್ನು ಅವ್ವ ಅಂದ ಹಾಗೆಯೇ ಅಂದ. ಮೇಡಂ ಕಣ್ಣು ಒರೆಸಿಕೊಂಡು, "ಕೆಲಸ ಇವರದೇ. ಇದು ಮುಗಿದರೆ ಇನ್ನೊಂದಿದೆ" ಅಂದರು.

ಮಾಸ್ತರು ಮರುಳನ ಬೆನ್ನು ತಟ್ಟಿದರು. "ಗೆದ್ದೆ ಕಣಪ್ಪ! ಇನ್ನ ಮೇಲೆ ಈ ದನಿ ಜೋಪಾನ. ಓಣಿಯಾಗೆ ಕೂಗಾಡಿ ಕೆಡಿಸಬ್ಯಾಡ. ಮೈಕಿನ ಮುಂದೆ ಬಿಟ್ಟು ಬಾಯಿ ತೆಗೀಬ್ಯಾಡ!"

ಮರುಳ ತುಟಿ ಬಿಗಿದು ಭಟ್ಟಿಗೆ ಓಡಿದ.

"ಏನಾತೋ?" ಅಂದಳು ಹಾಲಮ್ಮ. ಮರುಳ ಬಾಯಿ ತೆರೆಯಲಿಲ್ಲ.

"ಬೈದ್ರಾ?" ತೆರೆಯಲಿಲ್ಲ.

"ಹೇಳೋ! ಓಡಿಸಿಬಿಟ್ರಾ?" ಕೆನ್ನೆ ಉಬ್ಬಿತು, ಕಣ್ಣು ತುಂಬಿತು, ಬಾಯಿ ಮಾತ್ರ ತೆರೆಯಲಿಲ್ಲ.

ಹಾಲಮ್ಮ ಅವನ ತಲೆ ಸವರಿದಳು. "ಹೋಗ್ಲಿ ಬಿಡು ಮಗಾ. ನಾಳೆಯಿಂದ ನನ್ನ ಕೂಡ ಭಟ್ಟಿಗೆ ಬಂದುಬಿಡು" ಅಂದು ಮತ್ತೆ ಜರಡಿ ಕೈಗೆತ್ತಿಕೊಂಡಳು.

ಅದನ್ನು ಕಂಡು ಮರುಳನಿಗೆ ತಡೆಯದಾಯಿತು. ಮೈಕು ಬೇಕು! ಎಲ್ಲೈತೆ ಮೈಕು? ಓಡಿದ.

ಸ್ವಲ್ಪ ಹೊತ್ತಿಗೆ ಖಾರದಪುಡಿಯ ಆಟೋ ಓಣಿಗೆ ನುಗ್ಗಿತು. ಒಳಗೆ ಮೈಕು ಹಿಡಿದು ಮರುಳ.

"ಅವ್ವಾ! ಕೆಲಸ ಸಿಕ್ತು! ಭಟ್ಟಿ ಬಿಡವ್ವಾ!"

ಭಟ್ಟಿಗಳೆಲ್ಲ ನಿಂತವು. ಜನ ಹೊರಗೆ ಬಂದರು. ಹಾಲಮ್ಮ ಜರಡಿ ಕೆಳಗಿಟ್ಟು ಬಾಗಿಲಿಗೆ ಬಂದಳು. ಅವಳ ತುಟಿ ಆಡಿತು. ಎದುರಿಗೇ ಬಾಯಿ! ಮರುಳ ಬಿಡುತ್ತಾನೆಯೇ? ಮೈಕು ಗುಡುಗಿತು:

"ನಿಜವೇನೋ, ನನ್ನ ಬಂಗಾರ? ಕೆಳಗಿಳಿಯೋ, ಎಲ್ಲರೂ ನೋಡ್ತಾರೆ! ನಾನಂದದ್ದೆಲ್ಲ ಯಾಕೆ ಕೂಗ್ತೀಯೋ, ಬಾಯಿ ಮುಚ್ಚೋ ಮರುಳಾ!"

ಎಷ್ಟೋ ವರ್ಷದ ಮೇಲೆ ಹಾಲಮ್ಮನ ಮಾತು ಓಣಿಗೆಲ್ಲ ಕೇಳಿಸಿತು. ಅವಳು ಗಾಬರಿಯಿಂದ ಸೆರಗು ಬಾಯಿಗೆ ಒತ್ತಿದಳು. ಮೈಕೂ ಸುಮ್ಮನಾಯಿತು.

ಮೆಲ್ಲಗೆ ಸೆರಗು ಜಾರಿತು. ಬಾಯೊಳಗೆ ಮಾತಿರಲಿಲ್ಲ. ಹಾಲಮ್ಮ ಸದ್ದಿಲ್ಲದೆ ನಗುತ್ತಿದ್ದಳು.

ಮರುಳ ಆ ಬಾಯನ್ನು ನೋಡಿದ. ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಬ್ರಾಕೆಟಿನಾಗೆ," ಅಂದಿತು ಮೈಕು, "ನಗುತ್ತಾ!"