ಹಂಪಯ್ಯ ಆರಿಸಿದ ಒಂದೇ ತಪ್ಪು

ಕರಡಿದುರ್ಗದ ದೊರೆ ಬಿಲ್ಲಪ್ಪನಾಯಕರು ಬಿಸಿ ಅನ್ನ ಉಂಡು ಆರು ವರ್ಷವಾಗಿತ್ತು. ಅಡುಗೆಮನೆ ಬೆಟ್ಟದ ಬುಡದಲ್ಲಿ, ಊಟದ ಹಜಾರ ನೆತ್ತಿಯಲ್ಲಿ. ನಡುವೆ ಇನ್ನೂರ ಹತ್ತು ಮೆಟ್ಟಿಲು. ಹೊರಡುವಾಗ ಹೊಗೆಯಾಡುತ್ತಿದ್ದ ಸಾರು ತಲುಪುವಾಗ ತಣ್ಣಗೆ ಕೊರೆಯುತ್ತಿತ್ತು.

ಕೊನೆಗೆ ಪ್ರಧಾನಿ ನರಸಪ್ಪಯ್ಯನವರು ಒಂದು ಏರ್ಪಾಡು ಮಾಡಿದರು. ಮೇಲೊಂದು ರಾಟೆ, ರಾಟೆಗೆ ಹಗ್ಗ, ಹಗ್ಗದ ತುದಿಗೆ ದೊಡ್ಡ ಬುಟ್ಟಿ. ಕೆಳಗೆ ಅಡುಗೆ ತುಂಬಿಸಿದರೆ ಬಾವಿಯಿಂದ ನೀರು ಸೇದಿದ ಹಾಗೆ ಮೇಲಕ್ಕೆ ಸೇದಿಕೊಳ್ಳುವುದು.

"ಪ್ರಭು, ಇದರಲ್ಲಿ ತಪ್ಪುವುದಕ್ಕೆ ಏನೂ ಇಲ್ಲ," ಎಂದರು ಪ್ರಧಾನಿ, ತುಂಬಿದ ಸಭೆಯಲ್ಲಿ.

ಸಭೆಯೆಲ್ಲ ತಲೆದೂಗಿತು. ಮೂಲೆಯಲ್ಲಿ ಒಬ್ಬ ಕೆಮ್ಮಿದ.

ಕೆಮ್ಮಿದವನು ಹಂಪಯ್ಯ. ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸವೆಂದು ಇರಲಿಲ್ಲ. ದೊರೆಗಳಿಗೆ ಬೇಸರವಾದಾಗ ಮಾತಾಡಬೇಕು, ಉಳಿದಂತೆ ಸುಮ್ಮನಿರಬೇಕು, ಅಷ್ಟೆ. ಅವತ್ತು ಅವನಿಗೆ ನಿಜವಾಗಿಯೂ ನೆಗಡಿಯಾಗಿತ್ತು.

"ಏನು ಹಂಪಯ್ಯ, ತಪ್ಪು ಕಾಣಿಸಿತೋ?" ಎಂದರು ದೊರೆ.

"ಹುಡುಕಿದರೆ ನೂರು ಸಿಕ್ಕಾವು ಪ್ರಭು."

"ನೂರು ಕೇಳುವುದಕ್ಕೆ ನಮಗೆ ಪುರುಸೊತ್ತಿಲ್ಲ. ಮೂರು ದಿನದೊಳಗೆ ಒಂದೇ ಒಂದು ತಪ್ಪು ತೋರಿಸು. ಅದು ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಅದಕ್ಕಿಂತ ದೊಡ್ಡದನ್ನು ಬೇರೆ ಯಾರಾದರೂ ತೋರಿಸಿದರೆ ನೀನು ದುರ್ಗ ಬಿಟ್ಟು ನಡೆ."

ಹಂಪಯ್ಯನ ನೆಗಡಿ ಅಲ್ಲಿಗೇ ಬಿಟ್ಟುಹೋಯಿತು.

ಮಾರನೆಯ ಬೆಳಿಗ್ಗೆ ಅವನು ಅಡುಗೆಮನೆಗೆ ಇಳಿದು ಒಬ್ಬೊಬ್ಬರನ್ನೇ ಕೇಳಿದ.

"ಹಗ್ಗ ಹರಿದರೆ ಕೆಳಗಿದ್ದವನ ತಲೆ ಉಳಿಯುವುದಿಲ್ಲ ಸ್ವಾಮಿ. ಅದೇ ದೊಡ್ಡದು," ಎಂದ ಬುಟ್ಟಿ ತುಂಬುವವನು.

"ಬುಟ್ಟಿ ಓಲಾಡಿ ಸಾರು ಚೆಲ್ಲುತ್ತದೆ. ಅದಕ್ಕಿಂತ ದೊಡ್ಡದು ಏನಿದೆ?" ಎಂದ ಬಡಿಸುವವನು.

"ಕೋತಿ!" ಎಂದಳು ಪಾತ್ರೆ ತೊಳೆಯುವವಳು. "ನಿನ್ನೆ ಬುಟ್ಟಿ ಏರಿಸಿ ನೋಡಿದಾಗ ನಾಲ್ಕು ಹೋಳಿಗೆ ದಾರಿಯಲ್ಲೇ ಹೋದವು."

ಸಂಜೆಯ ಹೊತ್ತಿಗೆ ಅಡುಗೆಮನೆಯ ಗೋಡೆಯ ಮೇಲೆ ಹಂಪಯ್ಯ ಇದ್ದಿಲಿನಲ್ಲಿ ಬರೆದ ತಪ್ಪುಗಳು ಮೂವತ್ತೆಂಟಾದವು. ಯಾರನ್ನು ಕೇಳಿದರೂ ತಾವು ಹೇಳಿದ್ದೇ ದೊಡ್ಡದು.

ಹಂಪಯ್ಯ ಅಡುಗೆಯ ಯಜಮಾನಿ ಪುಟ್ಟೀರಮ್ಮನ ಒಲೆಯ ಪಕ್ಕ ಕೂತು, ಒಂದೊಂದು ತಪ್ಪಿಗೂ ಮೂರು ಪ್ರಶ್ನೆ ಹಾಕತೊಡಗಿದ. ಇದು ನಡೆದರೆ ಎಷ್ಟು ಕೆಡುಕು? ಎಷ್ಟು ಸಲ ಆದೀತು? ಆಗುವ ಮೊದಲೇ ನಮಗೆ ಗೊತ್ತಾದೀತೆ?

ಹಗ್ಗ ಹರಿದರೆ ಕೆಡುಕು ದೊಡ್ಡದೇ. ಆದರೆ ಹಗ್ಗ ಹೊಸದು, ಸವೆದರೆ ತಿಂಗಳ ಮೊದಲೇ ಎಳೆ ಬಿಡುವುದು ಕಾಣುತ್ತದೆ. ಕೋತಿ ದಿನಾ ಬರುತ್ತದೆ, ಆದರೆ ಹೋಗುವುದು ಹೋಳಿಗೆ, ಪ್ರಾಣವಲ್ಲ. ಹೀಗೆ ಕೇಳುತ್ತಾ ಅಳಿಸುತ್ತಾ ಹೋದರೆ ಗೋಡೆಯೇ ಖಾಲಿಯಾಯಿತು. ಮೂರು ಪ್ರಶ್ನೆಗೂ ನಿಲ್ಲುವ ತಪ್ಪು ಒಂದೂ ಉಳಿಯಲಿಲ್ಲ.

"ಪುಟ್ಟೀರಮ್ಮಾ, ಅಡುಗೆಯೇ ಕೆಟ್ಟರೆ?" ಎಂದ, ಬೇರೇನೂ ತೋಚದೆ.

"ಕೆಡುತ್ತದಪ್ಪ, ತಿಂಗಳಿಗೊಂದು ಸಲ."

"ಮೇಲೆ ದೊರೆಗಳಿಗಿಂತ ಮೊದಲು ರುಚಿ ನೋಡುವವರು ಏಳು ಜನ ಇದ್ದಾರಲ್ಲ, ಹೇಳುವುದಿಲ್ಲವೆ?"

ಪುಟ್ಟೀರಮ್ಮ ಒಲೆ ಊದುವುದನ್ನು ನಿಲ್ಲಿಸಿದಳು. "ಹೋದ ವರ್ಷ, ಆಗ ರುಚಿ ನೋಡುತ್ತಿದ್ದ ನಮ್ಮ ಸಿದ್ಲಿಂಗ 'ಹುಳಿ ಹಳಸಿದೆ' ಅಂದ. ಅದು ದೊರೆಗಳೇ ಬಯಸಿ ಮಾಡಿಸಿದ್ದು. ಅವನನ್ನು ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ನಿಲ್ಲಿಸಿದರು. ಅಲ್ಲಿಂದೀಚೆಗೆ ಮೇಲಿನವರ ಬಾಯಲ್ಲಿ ನನ್ನ ಅಡುಗೆ ಒಂದು ದಿನವೂ ಕೆಟ್ಟಿಲ್ಲ."

ಹಂಪಯ್ಯ ಇದ್ದಿಲು ಕೆಳಗಿಟ್ಟ. ತಪ್ಪು ಸಿಕ್ಕಿತ್ತು. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಅವನೂ ಬಿಸಿಲಿಗೇ.

ಮೂರನೆಯ ದಿನ ಅವನು ದೊರೆಗಳ ಬಳಿ ಹೋಗಿ, "ಇವತ್ತು ಯಾವ ಪಾಯಸ ಪ್ರಭು?" ಎಂದು ಕೇಳಿದ. "ಕಡಲೆಬೇಳೆ ಪಾಯಸ," ಎಂದರು ದೊರೆ. ಹಂಪಯ್ಯ ಕೆಳಗಿಳಿದು, ಅದಕ್ಕೆ ಬೆಲ್ಲದ ಬದಲು ಜ್ವರಕ್ಕೆ ಕುಡಿಸುವ ನೆಲಬೇವಿನ ಕಷಾಯ ಹಾಕಿಸಿದ.

"ನನ್ನ ತಲೆ ಹೋದೀತಪ್ಪ," ಎಂದಳು ಪುಟ್ಟೀರಮ್ಮ.

"ಹೋದರೆ ಮೊದಲು ನನ್ನದಮ್ಮ."

ಬುಟ್ಟಿ ಸೊಗಸಾಗಿ ಮೇಲೇರಿತು. ಸಾರು ಚೆಲ್ಲಲಿಲ್ಲ, ಕೋತಿಯೂ ಬರಲಿಲ್ಲ. ಪ್ರಧಾನಿಯ ಮುಖ ಅರಳಿತು. ಪಾಯಸದ ಪಾತ್ರೆ ಇಳಿಸುತ್ತಾ ಹಂಪಯ್ಯ ಹೇಳಿದ: "ಇದು ದೊರೆಗಳೇ ಬಾಯಾರೆ ಹೇಳಿ ಮಾಡಿಸಿದ ಪಾಯಸ."

ರುಚಿ ನೋಡುವ ಮೊದಲನೆಯವನು ಒಂದು ಗುಟುಕು ಕುಡಿದ. ಅವನ ಕಣ್ಣಲ್ಲಿ ನೀರು ಬಂತು. "ಅಮೃತ," ಎಂದ.

"ಅಮೃತವೇ," ಎಂದ ಎರಡನೆಯವನು, ಕಂಬ ಹಿಡಿದುಕೊಂಡು.

ಏಳೂ ಜನ ಹಾಗೆಯೇ ಅಂದರು. ಪ್ರಧಾನಿ ಒಂದು ಬಟ್ಟಲು ಪೂರ್ತಿ ಕುಡಿದು, "ಇನ್ನೊಂದು ಸೌಟು ಬಿಡಿ," ಎಂದರು.

ಆಮೇಲೆ ದೊರೆ ಬಟ್ಟಲೆತ್ತಿದರು.

"ಥೂ! ಕಷಾಯ!" ಬಟ್ಟಲು ಗೋಡೆಗೆ ಬಡಿಯಿತು. "ಎಂಟು ಜನ ಕುಡಿದಿರಿ, ಒಬ್ಬರಿಗೂ ಗೊತ್ತಾಗಲಿಲ್ಲವೆ?"

ಎಂಟೂ ಜನ ಸೂರು ನೋಡುತ್ತಿದ್ದರು. ಹಂಪಯ್ಯ ಎದ್ದು ಕೈಮುಗಿದ.

"ಹಾಕಿಸಿದವನು ನಾನು ಪ್ರಭು. ತಾವು ಕೇಳಿದ ಆ ಒಂದು ತಪ್ಪು ಇದೇ: ಬುಟ್ಟಿಯಲ್ಲಿ ಏನೇ ಬರಲಿ, ಕೆಟ್ಟಿದೆ ಎನ್ನಲು ಇಲ್ಲಿ ಯಾರಿಗೂ ಧೈರ್ಯವಿಲ್ಲ, ಸಿದ್ಲಿಂಗನಿಗಾದದ್ದನ್ನು ಎಲ್ಲರೂ ಕಂಡಿದ್ದಾರೆ. ಇವತ್ತು ಕಷಾಯ ಬಂತು, ನಾಳೆ ವಿಷವೂ ಬಂದೀತು. ಎಷ್ಟು ಸಲ ಎಂದರೆ, ಎಂಟು ಜನ ಕುಡಿದರು, ಎಂಟು ಸಲವೂ ಆಯಿತು. ಹಗ್ಗ ಹರಿದರೆ ಸದ್ದಾದರೂ ಆಗುತ್ತದೆ. ಇದು ತಮ್ಮ ನಾಲಿಗೆ ಮುಟ್ಟುವವರೆಗೂ ತಮಗೆ ಗೊತ್ತಾಗುವುದಿಲ್ಲ."

ದೊರೆ ಬಾಯಿ ಮುಕ್ಕಳಿಸಿ ಉಗಿದರು. ಕೋಪ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಇದಕ್ಕಿಂತ ದೊಡ್ಡದು ಯಾರ ಹತ್ತಿರ ಇದೆ?" ಎಂದರು ಕೊನೆಗೆ. ಪ್ರಧಾನಿ ನೀರು ಕುಡಿಯುತ್ತಿದ್ದರು.

ದೊರೆ ಸಿದ್ಲಿಂಗನನ್ನು ಕರೆಸಿ, ರುಚಿ ನೋಡುವವರ ಸಾಲಿನಲ್ಲಿ ಮೊದಲು ಕೂರಿಸಿದರು. "ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದವರಿಗೆ ಶಿಕ್ಷೆಯಿಲ್ಲ. ನಮ್ಮಲ್ಲಿ ಇನ್ನೇನಾದರೂ ತಪ್ಪಿದ್ದರೆ ಈಗಲೇ ಹೇಳಿ."

ಸಿದ್ಲಿಂಗ ಎದ್ದು ನಿಂತ. "ಪ್ರಭು, ತಾವು ದಿನಾ ಸಂಜೆ ವೀಣೆ ನುಡಿಸುತ್ತೀರಲ್ಲ..." ಎಂದವನು ಅಲ್ಲಿಗೇ ಮಾತು ತಡೆದ.

ದೊರೆ ಮೆಲ್ಲಗೆ ಹಂಪಯ್ಯನ ಕಡೆ ತಿರುಗಿದರು. "ಇದು ನೀನು ತೂಗಿದ ತಪ್ಪುಗಳ ಸಾಲಿನಲ್ಲಿ ಎಲ್ಲಿ ಬರುತ್ತದೆ ಹಂಪಯ್ಯ?"

"ಬಹಳ ಕೆಳಗೆ ಪ್ರಭು. ದಿನಾ ಆಗುವುದೇನೋ ನಿಜ. ಆದರೆ ಪ್ರಾಣಾಪಾಯವಿಲ್ಲ. ಮೇಲಾಗಿ, ತಾವು ಶ್ರುತಿ ಮಾಡಿಕೊಳ್ಳುವುದು ಮೊದಲೇ ಕೇಳಿಸುತ್ತದೆ. ಅಷ್ಟರಲ್ಲಿ ನಾವೆಲ್ಲ ಕೆರೆ ಏರಿಯ ಮೇಲೆ ಇರುತ್ತೇವೆ."

ದೊರೆಗಳ ನಗು ಬುಡದ ಅಡುಗೆಮನೆಗೂ ಕೇಳಿಸಿತಂತೆ. ಅವರು ಹಂಪಯ್ಯನಿಗೆ ಆ ವೀಣೆಯನ್ನೇ ಬಹುಮಾನ ಕೊಟ್ಟರು. ಅಂದಿನಿಂದ ಕೆರೆ ಏರಿಯ ಮೇಲೆ ಜನ ಕಡಿಮೆಯಾದರು.