ಎರಡನೇ ನಕ್ಷೆಯಲ್ಲಿ ಇಲ್ಲದ ಬಾವಿ

ಧಾರವಾಡದಲ್ಲಿ ದಸ್ತಗೀರಸಾಬ ಎಂಬ ಬೈಂಡರ್ ಇದ್ದರು. ಹರಿದ ಪುಸ್ತಕ ಹೊಲಿಯುವುದು, ಹಳೆಯ ಕಾಗದಗಳ ಬೆನ್ನಿಗೆ ತೆಳುಬಟ್ಟೆ ಅಂಟಿಸಿ ಗಟ್ಟಿ ಮಾಡುವುದು ಅವರ ಕೆಲಸ. ನಲವತ್ತು ವರ್ಷಗಳ ಹಿಂದೆ ಒಂದು ಗ್ರಂಥಾಲಯದವರು ಅವರಿಗೆ ಎರಡು ನಕ್ಷೆಗಳನ್ನು ರಿಪೇರಿಗೆ ಕೊಟ್ಟರು. ಬಿಳಿಯರ ದಂಡಿಗಾಗಿ ಬರೆದ ನಕ್ಷೆಗಳವು. ಸೈನ್ಯ ಯಾವ ದಾರಿಯಲ್ಲಿ ನಡೆಯಬೇಕು, ಫಿರಂಗಿಗಳನ್ನು ಎಲ್ಲಿ ಹಳ್ಳ ದಾಟಿಸಬೇಕು, ಕುದುರೆಗಳಿಗೆ ನೀರು ಎಲ್ಲಿ ಸಿಗುತ್ತದೆ, ಎಲ್ಲ ಅವುಗಳಲ್ಲಿತ್ತು. ಎರಡೂ ಒಂದೇ ಸೀಮೆಯವು. ನಡುವೆ ಹನ್ನೆರಡು ವರ್ಷಗಳ ಅಂತರ.

ಮೊದಲ ನಕ್ಷೆಯಲ್ಲಿ ಹಿರೇಕುಂಟಿ ಎಂಬ ಊರಿನ ಪಕ್ಕ ಒಂದು ನೀಲಿ ಚುಕ್ಕೆ ಇತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಗ್ರಂಥಾಲಯದ ಗುಮಾಸ್ತರು ಓದಿ ಹೇಳಿದರು: "ಸಿಹಿನೀರಿನ ಬಾವಿ. ಐನೂರು ಕುದುರೆಗಳಿಗೆ ಸಾಕು."

ಎರಡನೇ ನಕ್ಷೆಯಲ್ಲಿ ಆ ಚುಕ್ಕೆ ಇರಲಿಲ್ಲ. "ನೀರಿಲ್ಲ. ಇಲ್ಲಿ ತಂಗಬಾರದು" ಎಂದಿತ್ತು.

ಹುಳ ತಿಂದಿರಬಹುದೇ ಎಂದು ದಸ್ತಗೀರಸಾಬರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದ ಚೆನ್ನಾಗಿಯೇ ಇತ್ತು. "ಬಾವಿ ಬತ್ತಿರಬೇಕು ಬಿಡ್ರಿ" ಎಂದರು ಗುಮಾಸ್ತರು. ಆದರೆ ಸುತ್ತಲಿನ ಐದು ಊರಿನ ಬಾವಿಗಳು ಎರಡನೇ ನಕ್ಷೆಯಲ್ಲೂ ಇದ್ದವು. ಸಣ್ಣ ಬಾವಿಗಳು ಉಳಿದು ದೊಡ್ಡದೊಂದೇ ಹೇಗೆ ಬತ್ತಿತು? ಊಟಕ್ಕೆ ಕೂತರೂ ದಸ್ತಗೀರಸಾಬರಿಗೆ ಅದೇ ಯೋಚನೆ. ಕೊನೆಗೆ ಎರಡೂ ನಕ್ಷೆಗಳ ಆ ಭಾಗವನ್ನು ತೆಳುಕಾಗದದ ಮೇಲೆ ಇಳಿಸಿಕೊಂಡು ಬಸ್ಸು ಹತ್ತಿದರು.

ಹಿರೇಕುಂಟಿಯಲ್ಲಿ ಹೆಂಗಸರು ಒಂದೂವರೆ ಮೈಲಿ ದೂರದ ಹಳ್ಳದಿಂದ ನೀರು ಹೊತ್ತು ತರುತ್ತಿದ್ದರು. ಬಾವಿಯ ಬಗ್ಗೆ ಕೇಳಿದರೆ ಎಲ್ಲರೂ ತಲೆ ಅಲ್ಲಾಡಿಸಿದರು. "ಈ ಊರಾಗ ಬಾವಿ ಎಲ್ಲಿಂದ ಬರಬೇಕ್ರಿ? ನಾವಂತೂ ಕಂಡಿಲ್ಲ." ನಕ್ಷೆಯ ಅಳತೆ ಹಿಡಿದು ನಡೆದಾಗ ದಸ್ತಗೀರಸಾಬರು ಬಂದು ನಿಂತದ್ದು ಒಂದು ಹೊಲದ ಮೂಲೆಗೆ. ಅಲ್ಲಿ ಬಣವೆ ಒಟ್ಟಿದ್ದರು. ಆ ಹೊಲ ಸಂಗವ್ವ ಎಂಬ ಎಂಬತ್ತು ದಾಟಿದ ಮುದುಕಿಯದು.

ದಸ್ತಗೀರಸಾಬರು ಅವಳ ಮನೆಗೆ ಹೋದರು. ಕಾಗದ ಕಂಡ ಕೂಡಲೇ ಅವಳ ಮುಖ ಬಿಗಿದುಕೊಂಡಿತು.

"ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಕಳಿಸಿಲ್ಲವ್ವ. ಒಂದರಾಗ ಬಾವಿ ಐತಿ, ಇನ್ನೊಂದರಾಗ ಇಲ್ಲ. ಯಾಕ ಅಂತ ತಿಳೀಬೇಕಾಗಿತ್ತು, ಅಷ್ಟ."

ಅಷ್ಟರಲ್ಲಿ ಹಳ್ಳದಿಂದ ಬಂದ ಸೊಸೆ ನೀಲವ್ವ ತಲೆಯ ಮೇಲಿನ ಕೊಡ ಇಳಿಸಲು ಒದ್ದಾಡುತ್ತಿದ್ದಳು. ಸಂಗವ್ವ ಅದನ್ನು ನೋಡಿದಳು. ಆಮೇಲೆ ಬಾಯಿಬಿಟ್ಟಳು.

"ಬಾವಿ ಐತಿ. ಬಣವೆ ಕೆಳಗ ಐತಿ. ಹಿಂದ ಆ ದಂಡು ಬಂದು ನೀರಿನ ಸಲುವಾಗಿ ಇಲ್ಲೇ ತಿಂಗಳುಗಟ್ಟಲೆ ಇಳೀತಂತ. ನೆಲದೊಳಗಿನ ಹಗೇವಿನ್ಯಾಗ ಕೂಡಿಟ್ಟ ಜೋಳ ಬಳಕೊಂಡ್ರು. ಸಾಮಾನು ಹೊರಾಕ ಐದು ಗಂಡಸರನ್ನ ಎಳಕೊಂಡು ಹೋದ್ರು. ಮೂರು ಮಂದಿ ತಿರುಗಿ ಬರಲೇ ಇಲ್ಲ. ಮತ್ತ ಬರತಾರ ಅಂತ ಸುದ್ದಿ ಆದಾಗ ಊರವರೆಲ್ಲ ಕೂಡಿ ಬಾವಿ ಮ್ಯಾಲ ಚಪ್ಪಡಿ ಹಾಸಿ ಮಣ್ಣು ಮುಚ್ಚಿದ್ರು. ನಕ್ಷೆ ಬರಿಯೋ ಕಾಗದದವರು ಬಂದು ಕೇಳಿದ್ರ ಬತ್ತೇತಿ ಅಂದ್ರು. ಮುಚ್ಚಿದವರೆಲ್ಲ ಸತ್ತ ಮ್ಯಾಲ ಆ ಮಾತು ಹೊಲ ನಮ್ಮದಂತ ನಮ್ಮ ಮನಿಯಾಗ ಅತ್ತಿಯಿಂದ ಸೊಸಿಗೆ ಅಷ್ಟ ಬಂತು. ಕಾಗದ ಹಿಡಕೊಂಡು ಬಂದವರಿಗೆ ಹೇಳಬ್ಯಾಡ, ಊರವರಿಗೆ ಹೇಳಿದ್ರೂ ಅವರ ಕಿವಿಗೆ ಬೀಳತೈತಿ ಅಂದಿದ್ರು ನಮ್ಮತ್ತಿ."

ನೀಲವ್ವ ಅತ್ತೆಯನ್ನೇ ನೋಡುತ್ತಾ ನಿಂತಳು. "ಇಷ್ಟು ವರ್ಷ ನಿನಗ ಗೊತ್ತಿತ್ತಾ?"

"ಗೊತ್ತಿತ್ತು. ನಾನೂ ನಲವತ್ತು ವರ್ಷ ಅದೇ ಹಳ್ಳದ ನೀರು ಹೊತ್ತೀನಿ."

"ಆ ದಂಡು ಹೋಗಿ ಎಷ್ಟು ಕಾಲ ಆತವ್ವ" ಎಂದರು ದಸ್ತಗೀರಸಾಬರು ಮೆಲ್ಲಗೆ.

"ಹೋತು ಖರೆ. ಆದ್ರ ಇನ್ನ ಹೇಳಬಹುದು ಅಂತ ನನಗ ಯಾರೂ ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ."

ಅಂದು ಸಂಜೆಯೇ ಸಂಗವ್ವ ಊರವರನ್ನು ಕರೆಸಿ ಎಲ್ಲ ಹೇಳಿದಳು. ಕೆಲವರು ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮರುದಿನ ಬಣವೆ ಸರಿಸಿ ಅಗೆದರು. ಆಳೆತ್ತರ ಅಗೆದಾಗ ಚಪ್ಪಡಿ ಸಿಕ್ಕಿತು. ಅದನ್ನು ಎತ್ತಲು ಹದಿನಾಲ್ಕು ಜನ ಬೇಕಾಯಿತು. ಒಳಗೆ ಕಲ್ಲಿನ ಮೆಟ್ಟಿಲು, ಕೆಳಗೆ ಕಪ್ಪು ನೀರು. ಮೂರು ದಿನ ಸೇದಿ ಸೇದಿ ಹೊರಗೆ ಚೆಲ್ಲಿದರು. ನಾಲ್ಕನೇ ದಿನ ತಳದ ಸೆಲೆ ಒಡೆದು ತಿಳಿನೀರು ಬಂತು.

ನೀಲವ್ವ ಮೊದಲ ಕೊಡ ತುಂಬಿಕೊಂಡು ಬಂದು ಅತ್ತೆಗೇ ಕುಡಿಯಲು ಕೊಟ್ಟಳು. ಸಂಗವ್ವ ಬೊಗಸೆ ಒಡ್ಡಿ ಅವಸರದಲ್ಲಿ ಕುಡಿದಳು. ಬೊಗಸೆಯ ಅರ್ಧ ನೀರು ನೆಲಕ್ಕೆ ಹೋಯಿತು.

ನೀತಿ: ನಮ್ಮ ಹಿರಿಯರು ಒಂದು ಕಷ್ಟಕ್ಕೆ ಹೆದರಿ ಕಟ್ಟಿಕೊಂಡ ಗುಟ್ಟು ಆ ಕಷ್ಟ ಕಳೆದ ಮೇಲೆ ನಮಗೇ ಕಷ್ಟ ಕೊಡುತ್ತದೆ. ಆದ್ದರಿಂದ "ಯಾಕೆ ಹೀಗೆ?" ಎಂದು ಕೇಳಲು ನಾಚಬಾರದು. ಗೊತ್ತಿದ್ದವರು ಉತ್ತರ ಹೇಳಲು ಹೆದರಬಾರದು.